ಉಮ್‌ಫೊಲೋಜಿಯ ಬಿಳಿ ಖಡ್ಗಮೃಗ: ಇಯನ್ ಪ್ಲೇಯರರ ಜೀವಿತಕಾರ್ಯದ ಸಮೀಕ್ಷೆ

ಪೀಠಿಕೆ

೧೯೬೦ರ ಸುಮಾರಿನಲ್ಲಿ ಆಫ್ರಿಕ ಖಂಡದಲ್ಲಿ ಬಿಳಿ ಖಡ್ಗಮೃಗದ ಎರಡು ಉಪಜಾತಿಗಳು ಪರಸ್ಪರ ಬಹುದೂರದ ಎರಡು ಪ್ರದೇಶಗಳಲ್ಲಿ ಉಳಿದುಕೊಂಡಿದ್ದವು. ಉತ್ತರದ ಉಪಜಾತಿಯು ಉಗಾಂಡ, ಸೂಡಾನ್, ಕಾಂಗೊ, ಮಧ್ಯ ಆಫ್ರಿಕ ಮತ್ತು ಚಾಡ್ ದೇಶಗಳ ಹುಲ್ಲುಗಾವಲುಗಳಲ್ಲಿ ಹರಡಿದ್ದಿತು. ಅದರ ಸಂಖ್ಯೆ ೨೦೦೦ಕ್ಕೂ ಮಿಗಿಲೆಂದು ಅಂದಾಜು. ದಕ್ಷಿಣದ ಉಪಜಾತಿಯಾದರೋ ದಕ್ಷಿಣ ಆಫ್ರಿಕದ ಝುಲುಲ್ಯಾಂಡಿನ ಉಮ್‌ಫೊಲೋಜಿ ಎಂಬ ಒಂದು ಅಭಯಾರಣ್ಯದಲ್ಲಿಯೂ ಅದರ ಸೆರಗಿನಲ್ಲಿಯೂ ಕೆಲವು ನೂರರ ಸಂಖ್ಯೆಯಲ್ಲಿ ಮಾತ್ರ ಇದ್ದಿತು. ಇವೆರಡರಲ್ಲಿ ಯಾವುದು ಬಾಳೀತು, ಯಾವುದು ಅಳಿದೀತು ಎಂದು ಆಗ ಯಾರಾದರೂ ಕೇಳಿದ್ದರೆ, ಅಂಕಿಗಳನ್ನಷ್ಟೇ ನೋಡಿದ ವಿದ್ಯಾರ್ಥಿಯು ಉತ್ತರದ ಪರವಾಗಿಯೇ ಉತ್ತರ ಕೊಡುತ್ತಿದ್ದನು.

ನಡೆದುದು ಇದಕ್ಕೆ ತೀರ ವಿರುದ್ಧವಾಗಿದೆ. ಉತ್ತರದ ಉಪಜಾತಿಯ ಕೊನೆಯ ಗಂಡು ೨೦೧೮ರಲ್ಲಿ ಕೀನ್ಯಾದ ಒಂದು ರಕ್ಷಿತ ಪ್ರದೇಶದಲ್ಲಿ ಮುಪ್ಪಿನಿಂದ ಸತ್ತಾಗ ಅದರ ಕುಲದಲ್ಲಿ ಉಳಿದುದು ಎರಡು ಹೆಣ್ಣು ಮಾತ್ರ. ದಕ್ಷಿಣದ ಉಪಜಾತಿಯು ೨೦೧೨ರ ವೇಳೆಗೆ ಸುಮಾರು ೨೦,೦೦೦ಕ್ಕೆ ಏರಿತ್ತು. ಹೆಚ್ಚಿದ್ದುದು ಅಳಿದು, ಕಡಮೆಯಿದ್ದುದು ಬೆಳೆದುದಕ್ಕೆ ಕಾರಣವೇನು? ದಕ್ಷಿಣದ ಏಳಿಗೆಗೆ ತಮ್ಮ ಜೀವಮಾನವನ್ನು ಸಲ್ಲಿಸಿದವರಲ್ಲಿ ಮುಖ್ಯರಾದ ಇಯನ್ ಪ್ಲೇಯರರ (೧೯೨೭–೨೦೧೪) ಕಾರ್ಯವನ್ನು ಪರಿಶೀಲಿಸಿ ಈ ಪ್ರಶ್ನೆಗೆ ಉತ್ತರವನ್ನು ಹುಡುಕುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರಾಣಿಯ ಪರಿಚಯ

ಈಗ ಜೀವಿಸಿರುವ ಖಡ್ಗಮೃಗಗಳಲ್ಲಿ ಐದು ಜಾತಿಗಳುಂಟು. ಭಾರತದ ಒಂಟಿಕೊಂಬಿನದು, ಜಾವಾದ್ದು ಮತ್ತು ಸುಮಾತ್ರದ್ದು, ಇವು ಮೂರು ಏಷ್ಯದವು. ಕರಿಯದು ಮತ್ತು ಬಿಳಿಯದು ಆಫ್ರಿಕದವು. ಆಫ್ರಿಕದ ಎರಡಕ್ಕೂ ಮೂತಿಯ ಮೇಲೆ ಒಂದರ ಹಿಂದೊಂದು ಎರಡು ಕೊಂಬುಗಳಿರುತ್ತವೆ. ಕರಿದು, ಬಿಳಿದು ಎಂಬ ಹೆಸರುಗಳಿಂದ ವಾಚಕರು ಮೋಸಹೋಗಬಾರದು; ಎರಡರ ಚರ್ಮವೂ ಬೂದುಬಣ್ಣದ್ದೇ, ಎರಡೂ ತಾವು ಹೊರಳಿದ ಕೆಸರಿನ ಬಣ್ಣವನ್ನು ತಾಳುತ್ತವೆ. ‘ಅಗಲ’ ಎಂಬರ್ಥದ ಡಚ್ ಶಬ್ದವನ್ನು ಆಂಗ್ಲರು ‘ಬಿಳಿ’ ಎಂದು ತಪ್ಪಾಗಿ ಕೇಳಿಸಿಕೊಂಡರೆಂಬ ವಿವರಣೆ ಬಹಳ ಪ್ರಚಾರದಲ್ಲಿದೆಯಾದರೂ ಅದಕ್ಕೆ ದಾಖಲೆಗಳ ಆಧಾರ ದೊರೆತಿಲ್ಲ.

ನಿಜವಾದ ಭೇದವಿರುವುದು ಬಾಯಲ್ಲಿ. ಕರಿಯ ಖಡ್ಗಮೃಗದ ಮೇಲ್ತುಟಿ ಕೊಕ್ಕೆಯಂತೆ ಚೂಪಾಗಿದ್ದು ಗಿಡಗಂಟಿಗಳ ಎಲೆ ಚಿಗುರುಗಳನ್ನು ಸೆಳೆದುಕೊಳ್ಳಲು ತಕ್ಕುದಾಗಿದೆ. ಬಿಳಿಯದರ ಬಾಯಿ ಅಗಲವಾಗಿ, ಚೌಕವಾಗಿ, ನೆಲಕ್ಕೆ ಹತ್ತಿರವಾಗಿದ್ದು ಗಿಡ್ಡ ಹುಲ್ಲನ್ನು ಬುಡಮಟ್ಟ ಕತ್ತರಿಸಿ ಮೇಯಲು ಹೊಂದಿಕೊಂಡಿದೆ. ಗಂಡು ೨೦೦೦ ಕಿಲೋಗ್ರಾಮಿಗೂ ಹೆಚ್ಚು ತೂಗುತ್ತದೆ. ಹುಲ್ಲನ್ನು ಮಾತ್ರ ತಿಂದು ಬದುಕುವ ನೆಲದ ಪ್ರಾಣಿಗಳಲ್ಲಿ ಇದಕ್ಕಿಂತ ಭಾರವಾದುದು ಮತ್ತೊಂದಿಲ್ಲ. ಇಷ್ಟು ದೊಡ್ಡ ಪ್ರಾಣಿಯಾದರೂ ಸ್ವಭಾವದಲ್ಲಿ ಇದು ಸೌಮ್ಯ. ದೃಷ್ಟಿ ಮಂದ, ಕಿವಿ ಮತ್ತು ಮೂಗು ಚುರುಕು. ಅಪಾಯದ ವಾಸನೆ ಬಂದಾಗ ಹಿಂಡಿನ ಪ್ರಾಣಿಗಳು ಬೆನ್ನಿಗೆ ಬೆನ್ನು ಕೊಟ್ಟು ಮೋರೆಗಳನ್ನು ಹೊರಕ್ಕೆ ಮಾಡಿ ನಿಲ್ಲುತ್ತವೆ. ಸಿಂಹಗಳನ್ನೆದುರಿಸಲು ಈ ವ್ಯೂಹ ಸಾಕು. ಬಂದೂಕು ಹಿಡಿದವನಿಗೆ ಅದು ಗುರಿಯನ್ನು ಸುಲಭ ಮಾಡಿಕೊಡುತ್ತದೆ.

ಸಂತಾನಕ್ರಮವನ್ನೂ ಇಲ್ಲಿ ಗಮನಿಸಬೇಕು. ಹೆಣ್ಣು ಮೊದಲ ಮರಿಯನ್ನು ಹಾಕುವುದು ಆರೇಳು ವರ್ಷದ ಪ್ರಾಯದಲ್ಲಿ. ಗರ್ಭಾವಧಿ ಸುಮಾರು ೧೬ ತಿಂಗಳು. ಒಂದು ಸಲಕ್ಕೆ ಒಂದೇ ಮರಿ. ಎರಡು ಮರಿಗಳ ನಡುವೆ ಎರಡರಿಂದ ಮೂರು ವರ್ಷಗಳ ಅಂತರ. ಸನ್ನಿವೇಶ ಬಹಳ ಅನುಕೂಲವಾಗಿದ್ದಾಗ ಒಂದು ಸಮುದಾಯವು ವರ್ಷಕ್ಕೆ ನೂರಕ್ಕೆ ಏಳೆಂಟರಂತೆ ವೃದ್ಧಿಯಾಗಿ ಸುಮಾರು ಹತ್ತು ವರ್ಷಗಳಲ್ಲಿ ಇಮ್ಮಡಿಯಾಗಬಲ್ಲುದು. ಹತ್ಯೆಯ ಪ್ರಮಾಣ ಈ ದರವನ್ನು ಮೀರಿದೊಡನೆಯೇ ಇಳಿಕೆ ಆರಂಭವಾಗುತ್ತದೆ. ಮುಂದಿನ ಚರಿತ್ರೆಯೆಲ್ಲವೂ ಈ ಸರಳ ಲೆಕ್ಕದ ಮೇಲೆ ನಿಂತಿದೆ.

ಇನ್ನು ಕೊಂಬು. ದನ, ಜಿಂಕೆಗಳ ಕೊಂಬಿನಂತೆ ಇದರೊಳಗೆ ಎಲುಬಿಲ್ಲ. ನಮ್ಮ ಉಗುರು ಕೂದಲುಗಳಲ್ಲಿರುವ ಕೆರಟಿನ್ ಎಂಬ ವಸ್ತುವೇ ಗಟ್ಟಿಯಾಗಿ ಬೆಳೆದು ಕೊಂಬಾಗಿದೆ. ಬುಡವನ್ನು ಬಿಟ್ಟು ಕತ್ತರಿಸಿದರೆ ಮತ್ತೆ ಬೆಳೆಯುತ್ತದೆ. ಇದಕ್ಕಾಗಿಯೇ ಪ್ರಾಣಿ ಸಾಯುತ್ತಿದೆ.

ಎರಡು ನದಿಗಳ ನಡುವಣ ನೆಲ

ದಕ್ಷಿಣದ ಬಿಳಿ ಖಡ್ಗಮೃಗವು ಒಂದು ಕಾಲದಲ್ಲಿ ಜಾಂಬೆಜಿ ನದಿಯ ತೆಂಕಲ ದೇಶಗಳಲ್ಲೆಲ್ಲ ಹೇರಳವಾಗಿತ್ತು. ಬರ್ಚೆಲ್ ಎಂಬ ಪ್ರವಾಸಿ ೧೮೧೭ರಲ್ಲಿ ಇದನ್ನು ಶಾಸ್ತ್ರಲೋಕಕ್ಕೆ ಪರಿಚಯಿಸಿದನು. ಅನಂತರ ಒಂದು ಶತಮಾನ ತುಂಬುವುದರೊಳಗಾಗಿ ಬೇಟೆಗಾರರೂ ವಸಾಹತುಗಾರರೂ ಅದನ್ನು ಬಹುತೇಕ ಮುಗಿಸಿಬಿಟ್ಟರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಉಳಿದುಕೊಂಡವು ಬಿಳಿಯ ಮತ್ತು ಕರಿಯ ಉಮ್‌ಫೊಲೋಜಿ ನದಿಗಳು ಕೂಡುವ ಎಡೆಯಲ್ಲಿ ಮಾತ್ರ. ಅವುಗಳ ಸಂಖ್ಯೆ ಐವತ್ತಕ್ಕೂ ಕಡಮೆ ಇದ್ದಿರಬೇಕೆಂದು ಸಾಮಾನ್ಯ ಅಂದಾಜು. ಹಿಂದೆ ಝುಲು ದೊರೆ ಶಾಕನ ಬೇಟೆಯ ಕಾಡಾಗಿದ್ದ ಈ ಪ್ರದೇಶವನ್ನು ೧೮೯೫ರಲ್ಲಿ ಅಭಯಾರಣ್ಯವೆಂದು ಘೋಷಿಸಲಾಯಿತು.

ಘೋಷಣೆಯಿಂದ ಅಪಾಯ ತಪ್ಪಲಿಲ್ಲ. ಅದೇ ವರ್ಷಗಳಲ್ಲಿ ಡೇವಿಡ್ ಬ್ರೂಸ್ ಎಂಬ ಸೈನ್ಯದ ವೈದ್ಯನು ಝುಲುಲ್ಯಾಂಡಿನಲ್ಲಿ ದನಗಳನ್ನು ಕೊಲ್ಲುತ್ತಿದ್ದ ‘ನಗಾನ’ ರೋಗಕ್ಕೆ ರಕ್ತದಲ್ಲಿರುವ ಒಂದು ಸೂಕ್ಷ್ಮ ಪರೋಪಜೀವಿ ಕಾರಣವೆಂದೂ, ತ್ಸೆತ್ಸೆ ನೊಣ ಅದನ್ನು ಹರಡುತ್ತದೆಂದೂ ಕಂಡುಹಿಡಿದನು. ಕಾಡುಪ್ರಾಣಿಗಳ ರಕ್ತದಲ್ಲಿ ಈ ಪರೋಪಜೀವಿಯು ಅವಕ್ಕೆ ಬಾಧೆ ಕೊಡದೆ ಇರಬಲ್ಲುದು. ಇದರಿಂದ ದನ ಸಾಕುವವರು ಕಾಡುಪ್ರಾಣಿಗಳೇ ರೋಗದ ಮೂಲವೆಂದು ಬಗೆದು ಅವನ್ನೆಲ್ಲ ಕೊಲ್ಲಬೇಕೆಂದು ಒತ್ತಾಯಿಸಿದರು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ನಡೆದ ಈ ಕಾರ್ಯಾಚರಣೆಗಳಲ್ಲಿ ಹತ್ತಾರು ಸಾವಿರ ಜೀಬ್ರಾ, ಹುಲ್ಲೆ, ಕಾಡುಹಂದಿಗಳು ಗುಂಡಿಗೆ ಆಹುತಿಯಾದವು. ಖಡ್ಗಮೃಗಕ್ಕೆ ಮಾತ್ರ ವಿನಾಯಿತಿ ದೊರೆಯಿತು. ಎರಡನೆಯ ಮಹಾಯುದ್ಧದ ಅನಂತರ ವಿಮಾನಗಳಿಂದ ಡಿಡಿಟಿ ಚಿಮುಕಿಸಿ ನೊಣವನ್ನು ನಿರ್ಮೂಲಗೊಳಿಸಿದ ಮೇಲೆಯೇ ಈ ಹತ್ಯೆ ನಿಂತದ್ದು. ಪ್ಲೇಯರರು ಉಮ್‌ಫೊಲೋಜಿಗೆ ಬಂದಾಗ ಇದ್ದ ಕಾಡು ಇಂಥ ಕಾಡು: ಬಹಳ ಪ್ರಾಣಿಗಳನ್ನು ಕಳೆದುಕೊಂಡು, ಒಂದು ಅಪೂರ್ವ ಪ್ರಾಣಿಯನ್ನು ಉಳಿಸಿಕೊಂಡಿದ್ದ ಕಾಡು.

ಶಿಷ್ಯ ಮತ್ತು ಗುರು

ಪ್ಲೇಯರರು ಹುಟ್ಟಿದ್ದು ಜೊಹಾನ್ಸ್‌ಬರ್ಗಿನಲ್ಲಿ, ಚಿನ್ನದ ಗಣಿಯಲ್ಲಿ ದುಡಿಯುತ್ತಿದ್ದ ತಂದೆಗೆ ಮಗನಾಗಿ. ಗಾಲ್ಫ್ ಆಟದಲ್ಲಿ ಜಗದ್ವಿಖ್ಯಾತನಾದ ಗ್ಯಾರಿ ಪ್ಲೇಯರ್ ಇವರ ತಮ್ಮ. ಹದಿಹರೆಯದಲ್ಲಿಯೇ ಸೈನ್ಯ ಸೇರಿ ಮಹಾಯುದ್ಧದ ಕೊನೆಯ ಘಟ್ಟದಲ್ಲಿ ಇಟಲಿಯಲ್ಲಿದ್ದರು. ಹಿಂದಿರುಗಿದ ಮೇಲೆ ಹಲವು ಉದ್ಯೋಗಗಳನ್ನು ಹಿಡಿದು ಬಿಟ್ಟರು. ೧೯೫೧ರಲ್ಲಿ ಪೀಟರ್‌ಮಾರಿಟ್ಸ್‌ಬರ್ಗಿನಿಂದ ಡರ್ಬನ್ನಿನವರೆಗೆ ನದಿಯ ಮೇಲೆ ಸಣ್ಣ ದೋಣಿಗಳ ಪಂದ್ಯವೊಂದನ್ನು ಏರ್ಪಡಿಸಿ ತಾವೂ ಹೊರಟರು. ಎಂಟು ಮಂದಿ ಹೊರಟವರಲ್ಲಿ ಗುರಿ ಮುಟ್ಟಿದವರು ಇವರೊಬ್ಬರೇ. ದಾರಿಯಲ್ಲಿ ಹಾವು ಕಚ್ಚಿದರೂ ಆರು ದಿನಗಳಿಗೆ ಮಿಕ್ಕು ದೋಣಿ ನಡೆಸಿದರು. ಈ ನದೀಕಣಿವೆಗಳಲ್ಲಿ ಕಾಡುಪ್ರಾಣಿಗಳೇ ಕಾಣದಿದ್ದುದು ಅವರ ಮನಸ್ಸನ್ನು ಚುಚ್ಚಿತು. ಮರುವರ್ಷ ಅವರು ನೇಟಾಲ್ ಪ್ರಾಂತದ ವನ್ಯಸಂರಕ್ಷಣ ಮಂಡಲಿಯಲ್ಲಿ ಸಾಮಾನ್ಯ ರಕ್ಷಣಾಧಿಕಾರಿಯಾಗಿ ಸೇರಿದರು.

ವಿಶ್ವವಿದ್ಯಾನಿಲಯದ ಪದವಿ ಅವರಿಗಿರಲಿಲ್ಲ. ಅವರಿಗೆ ಕಾಡನ್ನು ಕಲಿಸಿದವನು ಮಾಗ್ಕುಬು ಎನ್ಟೊಂಬೇಲ ಎಂಬ ಝುಲು ಕಾವಲುಗಾರ. ಈತನು ೧೯೧೪ರಲ್ಲಿ, ಇನ್ನೂ ಹುಡುಗನಾಗಿದ್ದಾಗ, ಝುಲುಲ್ಯಾಂಡಿನ ಮೊದಲ ವನ್ಯಪ್ರಾಣಿ ಸಂರಕ್ಷಣಾಧಿಕಾರಿಯ ಕೈಕೆಳಗೆ ಸಾಮಾನು ಹೊರುವ ಕೆಲಸಕ್ಕೆ ಸೇರಿದವನು. ಓದುಬರಹವನ್ನರಿಯನು, ಆದರೆ ಹೆಜ್ಜೆಯ ಗುರುತು, ಲದ್ದಿಯ ರಾಶಿ, ಗಿಡಗಳ ಹೆಸರು ಮತ್ತು ಉಪಯೋಗ, ಹಕ್ಕಿಯ ಕೂಗು, ತನ್ನ ಜನಾಂಗದ ಇತಿಹಾಸ, ಇವೆಲ್ಲವೂ ಅವನಿಗೆ ಕರತಲಾಮಲಕ. ಖಡ್ಗಮೃಗದ ಬೆನ್ನ ಮೇಲೆ ಕೂರುವ ಹಕ್ಕಿಯು ಎಚ್ಚರಿಕೆಯ ದನಿಗೈದರೆ ಏನು ಮಾಡಬೇಕು, ಗಾಳಿ ತಿರುಗಿದರೆ ಎತ್ತ ಸರಿಯಬೇಕು ಎಂಬುದನ್ನು ಪ್ಲೇಯರರು ಅವನ ಹಿಂದೆ ನಡೆದು ಕಲಿತರು. ಬಿಳಿಯನೊಬ್ಬನು ಕರಿಯನನ್ನು ಗುರುವೆಂದು ಕರೆಯುವುದು ಆ ದೇಶದ ಕಾನೂನಿಗೂ ನಡವಳಿಕೆಗೂ ಒಗ್ಗದ ಕಾಲವದು. ೧೯೯೩ರಲ್ಲಿ ಎನ್ಟೊಂಬೇಲ ತೀರಿಕೊಳ್ಳುವವರೆಗೆ ನಾಲ್ಕು ದಶಕಗಳ ಕಾಲ ಈ ಸಂಬಂಧ ಬಾಳಿತು. ಪ್ಲೇಯರರು ತಮ್ಮ ಬರಹಗಳಲ್ಲಿ ಆ ಋಣವನ್ನು ಮುಚ್ಚಿಡಲಿಲ್ಲ.

ಈ ಚಿತ್ರದ ಮತ್ತೊಂದು ಮಗ್ಗುಲನ್ನೂ ಹೇಳದಿದ್ದರೆ ನಮ್ಮ ವಿವರಣೆ ಅಪೂರ್ಣವಾದೀತು. ಅಭಯಾರಣ್ಯದ ಗಡಿಗಳು ಸುತ್ತಣ ಝುಲು ಕುಟುಂಬಗಳಿಗೆ ಗೋಮಾಳವನ್ನೂ ಬೇಟೆಯ ಹಕ್ಕನ್ನೂ ತಪ್ಪಿಸಿದವು. ಕಾಡನ್ನು ಕಾಯುವ ಅಧಿಕಾರ ಒಂದು ವರ್ಣದವರ ಕೈಯಲ್ಲಿ, ಅದರ ಕಷ್ಟ ಇನ್ನೊಂದು ವರ್ಣದವರ ಪಾಲಿಗೆ ಎಂಬಂತಿದ್ದ ವ್ಯವಸ್ಥೆಯಲ್ಲಿ ಸಂರಕ್ಷಣೆಯನ್ನು ಜನರು ತಮ್ಮದೆಂದು ಭಾವಿಸುವುದು ಸುಲಭವಾಗಿರಲಿಲ್ಲ.

ಎಣಿಕೆ

೧೯೫೩ರಲ್ಲಿ ಪ್ಲೇಯರರು ಸಣ್ಣ ವಿಮಾನವೊಂದರಿಂದ ಉಮ್‌ಫೊಲೋಜಿಯ ಬಿಳಿ ಖಡ್ಗಮೃಗಗಳ ಗಣತಿಯನ್ನು ನಡೆಸಿದರು. ಆ ಪ್ರಾಣಿಯ ಸಂಖ್ಯೆಯನ್ನು ಆಕಾಶದಿಂದ ಎಣಿಸಿದುದು ಇದೇ ಮೊದಲು. ದೊರೆತ ಸಂಖ್ಯೆ ೪೩೭. ಕಾಡಿನ ಒಳಗೆ ಮಾತ್ರವಲ್ಲದೆ ಅದರ ಗಡಿಯಾಚೆಯೂ ಪ್ರಾಣಿಗಳು ಕಂಡುಬಂದವು.

ಗಣತಿಯೆಂಬುದು ಬರಿಯ ಲೆಕ್ಕವೆಂದು ಭಾವಿಸಬಾರದು. ಈ ಒಂದು ಸಂಖ್ಯೆಯಿಂದ ಎರಡು ವಿಷಯಗಳು ತಿಳಿದುಬಂದವು. ಮೊದಲನೆಯದು: ಆರು ದಶಕಗಳ ಕಾವಲು ಫಲಿಸಿದೆ, ಪ್ರಾಣಿಯು ವೃದ್ಧಿಯಲ್ಲಿದೆ. ಎರಡನೆಯದು: ದಕ್ಷಿಣದ ಉಪಜಾತಿಯ ಹೆಚ್ಚುಕಡಮೆ ಪೂರ್ಣ ಸಂಪತ್ತು ಈ ಒಂದು ಕಡೆಯಲ್ಲಿದೆ. ಒಂದು ಸಾಂಕ್ರಾಮಿಕ ರೋಗ, ಒಂದು ಭೀಕರ ಬರಗಾಲ, ರಾಜ್ಯವ್ಯವಸ್ಥೆಯ ಒಂದು ಕುಸಿತ, ಇವುಗಳಲ್ಲಿ ಯಾವುದಾದರೊಂದು ಸಾಕು, ಎಲ್ಲವೂ ಒಮ್ಮೆಗೇ ಹೋಗಲು. ನಗಾನದ ಚರಿತ್ರೆ ಇಂಥ ಭಯ ಕಲ್ಪಿತವಲ್ಲವೆಂಬುದನ್ನು ತೋರಿಸಿಕೊಟ್ಟಿತ್ತು.

ವೃದ್ಧಿಯಿಂದಲೇ ಮತ್ತೊಂದು ತೊಡಕು ಹುಟ್ಟಿತು. ೧೯೬೦ರ ದಶಕದಲ್ಲಿ ಉಮ್‌ಫೊಲೋಜಿಯಲ್ಲಿ ನೆಲಸಿ ಈ ಪ್ರಾಣಿಯ ನಡವಳಿಕೆಯನ್ನು ಶಾಸ್ತ್ರೀಯವಾಗಿ ಅಭ್ಯಸಿಸಿದ ನಾರ್ಮನ್ ಓವೆನ್-ಸ್ಮಿತ್ ಅವರ ಸಂಶೋಧನೆಯಿಂದ ಇದು ಸ್ಪಷ್ಟವಾಗುತ್ತದೆ. ಬಲಿತ ಗಂಡುಗಳು ತಮ್ಮತಮ್ಮ ಕ್ಷೇತ್ರಗಳನ್ನು ಲದ್ದಿಯ ರಾಶಿಗಳಿಂದಲೂ ಮೂತ್ರದಿಂದಲೂ ಗುರುತು ಮಾಡಿಕೊಂಡು ಕಾಯುತ್ತವೆ. ಸಾಂದ್ರತೆ ಹೆಚ್ಚಿದಂತೆ ಪ್ರಾಯಕ್ಕೆ ಬರುತ್ತಿರುವ ಎಳೆಯ ಪ್ರಾಣಿಗಳು ಹೊಸ ನೆಲವನ್ನು ಅರಸಿ ಹೊರಕ್ಕೆ ಹೋಗುತ್ತವೆ. ವಿಶಾಲವಾದ ನಾಡಿನಲ್ಲಿ ಇದು ಸಹಜವಾದ ಚೆದರುವಿಕೆ. ಉಮ್‌ಫೊಲೋಜಿಯ ಸುತ್ತಲಾದರೋ ಹೊಲ, ದನ, ಹಳ್ಳಿ, ಬೇಲಿ. ಹೊರಗೆ ಹೋದದ್ದು ಸಾಯುತ್ತದೆ. ಒಳಗೆ ಉಳಿದದ್ದು ಹುಲ್ಲನ್ನು ಬುಡಸಹಿತ ಮೇದು ನೆಲವನ್ನು ಸವೆಯಿಸುತ್ತದೆ. ಪ್ರಕೃತಿಯು ಮಾಡಬೇಕಾದ ಚೆದರಿಸುವಿಕೆಯನ್ನು ಇನ್ನು ಮನುಷ್ಯನೇ ಮಾಡಬೇಕಾಯಿತು.

ಸ್ಥಳಾಂತರ

‘ಖಡ್ಗಮೃಗ ಕಾರ್ಯಾಚರಣೆ’ ಎಂದು ಹೆಸರಾದ ಪ್ರಯತ್ನ ೧೯೬೦ರ ದಶಕದ ಆದಿಯಲ್ಲಿ ಮೊದಲಾಯಿತು. ಎರಡು ಟನ್ ತೂಗುವ ಕಾಡುಪ್ರಾಣಿಯನ್ನು ಗಾಯವಾಗದಂತೆ ಹಿಡಿದು, ಎತ್ತಿ, ನೂರಾರು ಮೈಲಿ ಸಾಗಿಸಿ, ಬದುಕಿಸುವುದು ಹೇಗೆ? ಇದಕ್ಕೆ ಆಗ ಸಿದ್ಧವಾದ ಮಾರ್ಗವೇ ಇರಲಿಲ್ಲ. ಔಷಧ ತುಂಬಿದ ಸೂಜಿಯನ್ನು ಬಂದೂಕಿನಂಥ ಸಾಧನದಿಂದ ದೂರದಿಂದಲೇ ಚುಚ್ಚುವ ವಿಧಾನ ಬಂದಿತ್ತು. ಆದರೆ ಮೊದಮೊದಲು ಬಳಸಿದ ಮಾರ್ಫಿನ್ ಮೊದಲಾದವುಗಳ ಮಿಶ್ರಣ ನಿಧಾನವಾಗಿ ಏರುತ್ತಿತ್ತು. ಸೂಜಿ ತಗುಲಿದ ಪ್ರಾಣಿ ಮುಳ್ಳುಕಂಟಿಗಳಲ್ಲಿ ಬಹುದೂರ ಓಡಿಬಿಡುತ್ತಿತ್ತು, ಅದನ್ನು ಕುದುರೆಯ ಮೇಲೆ ಬೆನ್ನಟ್ಟಬೇಕಾಗುತ್ತಿತ್ತು. ಪ್ರಮಾಣ ಹೆಚ್ಚಾದರೆ ಸಾವು. ಕಡಮೆಯಾದರೆ ಪ್ರಾಣಿ ಎದ್ದುನಿಂತು ಹಿಡಿಯಬಂದವರ ಮೇಲೆ ನುಗ್ಗುವುದು. ಕೆಲವು ಪ್ರಾಣಿಗಳು ಈ ಪ್ರಯೋಗಗಳಲ್ಲಿ ಸತ್ತವು.

ಪೂರ್ವ ಆಫ್ರಿಕದಲ್ಲಿ ಕೆಲಸ ಮಾಡುತ್ತಿದ್ದ ಪಶುವೈದ್ಯ ವಿಜ್ಞಾನಿ ಟೋನಿ ಹಾರ್ಥೂರ್ನರ ನೆರವಿನಿಂದ ಮಾರ್ಗ ಸುಗಮವಾಯಿತು. ಬ್ರಿಟನ್ನಿನಲ್ಲಿ ಆಗತಾನೇ ತಯಾರಾಗಿದ್ದ, ಎಂ-೯೯ ಎಂಬ ಸಂಕೇತದ ಎಟಾರ್ಫಿನ್ ಎಂಬ ಔಷಧವನ್ನು ಖಡ್ಗಮೃಗದ ಮೇಲೆ ಪರೀಕ್ಷಿಸಲಾಯಿತು. ಇದು ಮಾರ್ಫಿನ್ನಿಗಿಂತ ಸಾವಿರಾರು ಪಾಲು ತೀಕ್ಷ್ಣವಾದುದು; ಎರಡು ಟನ್ನಿನ ಪ್ರಾಣಿಗೆ ಕೆಲವೇ ಮಿಲಿಗ್ರಾಂ ಸಾಕು. ಇನ್ನೂ ಮುಖ್ಯವಾದ ಗುಣವೆಂದರೆ ಇದಕ್ಕೆ ಪ್ರತ್ಯೌಷಧವುಂಟು. ಅದನ್ನು ರಕ್ತನಾಳಕ್ಕೆ ಕೊಟ್ಟ ಕೆಲವೇ ನಿಮಿಷಗಳಲ್ಲಿ ಪ್ರಾಣಿ ಎಚ್ಚರಗೊಂಡು ಏಳುತ್ತದೆ. ಆದರೆ ಬಿಳಿ ಖಡ್ಗಮೃಗದಲ್ಲಿ ಈ ಔಷಧ ಉಸಿರಾಟವನ್ನು ಕುಗ್ಗಿಸುತ್ತದೆ. ಆದುದರಿಂದ ಕಣ್ಣಿಗೆ ಬಟ್ಟೆ ಕಟ್ಟಿ, ಉಸಿರನ್ನು ಎಣಿಸುತ್ತ, ಬಿಸಿಲೇರುವ ಮೊದಲೇ ಕೆಲಸ ಮುಗಿಸುವ ಕ್ರಮ ರೂಢಿಗೆ ಬಂದಿತು. ಅರೆಎಚ್ಚರದಲ್ಲಿ ಪ್ರಾಣಿಯನ್ನು ಹಗ್ಗದಿಂದ ನಡೆಸಿ ಪೆಟ್ಟಿಗೆಗೆ ಸೇರಿಸುವುದು, ಮರದ ದಿಮ್ಮಿಗಳ ದೊಡ್ಡಿಯಲ್ಲಿ ಕೆಲವು ವಾರ ಇರಿಸಿ ಹುಲ್ಲು ನೀರಿಗೆ ಒಗ್ಗಿಸುವುದು, ಬಳಿಕ ಲಾರಿಯಲ್ಲಿಯೋ ಹಡಗಿನಲ್ಲಿಯೋ ಕಳುಹಿಸುವುದು, ಹೀಗೆ ಒಂದೊಂದು ಹಂತವನ್ನೂ ಅನುಭವದಿಂದ ಕಟ್ಟಬೇಕಾಯಿತು. ಇಂದು ಆನೆಯಿಂದ ಹುಲಿಯವರೆಗೆ ದೊಡ್ಡ ಪ್ರಾಣಿಗಳನ್ನು ಹಿಡಿದು ಸಾಗಿಸುವ ವಿದ್ಯೆಯ ಬಹುಭಾಗ ಆ ದಶಕದ ಆಫ್ರಿಕದ ಪ್ರಯೋಗಗಳಿಗೆ ಋಣಿಯಾಗಿದೆ.

೧೯೬೧ರಲ್ಲಿ ಮೊದಲ ಖಡ್ಗಮೃಗಗಳು ಕ್ರೂಗರ್ ರಾಷ್ಟ್ರೀಯ ಉದ್ಯಾನವನ್ನು ಸೇರಿದವು. ಅಲ್ಲಿ ಈ ಪ್ರಾಣಿ ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೇ ನಿರ್ನಾಮವಾಗಿತ್ತು. ೧೯೭೨ರ ಹೊತ್ತಿಗೆ ಕ್ರೂಗರಿಗೆ ಹೋದವುಗಳ ಸಂಖ್ಯೆ ೩೦೦ನ್ನು ಮೀರಿತು. ಅದು ಹಿಂದೆ ಬಾಳಿದ್ದ ಇತರ ದೇಶಗಳಿಗೂ ಹಿಂಡುಗಳು ಹೋದವು. ೧೯೭೦ರಲ್ಲಿ ೨೦ ಪ್ರಾಣಿಗಳು ಇಂಗ್ಲೆಂಡಿನ ವಿಪ್ಸ್‌ನೇಡಿಗೂ, ೧೯೭೧ರಲ್ಲಿ ೨೦ ಪ್ರಾಣಿಗಳು ಅಮೆರಿಕದ ಸ್ಯಾನ್ ಡೀಗೊಗೂ ಪಯಣ ಮಾಡಿದವು. ಮೃಗಾಲಯಗಳಲ್ಲಿ ಜೋಡಿಯಾಗಿ ಇಟ್ಟಾಗ ಮರಿ ಹಾಕದಿದ್ದ ಈ ಪ್ರಾಣಿ, ವಿಶಾಲ ಆವರಣದಲ್ಲಿ ಹಿಂಡಾಗಿ ಬಿಟ್ಟಾಗ ಸಂತಾನವನ್ನು ಪಡೆಯಿತು. ಇಂದು ಲೋಕದಲ್ಲಿರುವ ದಕ್ಷಿಣದ ಬಿಳಿ ಖಡ್ಗಮೃಗಗಳೆಲ್ಲವೂ ಪ್ರಾಯಶಃ ಉಮ್‌ಫೊಲೋಜಿಯಲ್ಲಿ ಉಳಿದ ಆ ಒಂದು ಕುಲದಿಂದ ಬಂದವು. ಮೂಲವೊಂದೇ ಆದುದರಿಂದ ಅವುಗಳ ಆನುವಂಶಿಕ ವೈವಿಧ್ಯ ಅಲ್ಪ ಎಂಬುದನ್ನೂ ನೆನಪಿನಲ್ಲಿಡಬೇಕು.

ನೆಲದ ರಕ್ಷಣೆ

ಪ್ರಾಣಿಯನ್ನು ಪೆಟ್ಟಿಗೆಯಲ್ಲಿಟ್ಟು ದೇಶದೇಶಗಳಿಗೆ ಕಳುಹಿಸಿದವರೇ ಪ್ರಾಣಿಗಿಂತ ಅದರ ನೆಲ ಹಿರಿದೆಂದು ವಾದಿಸಿದುದು ಪ್ಲೇಯರರ ಜೀವನದ ವಿಶೇಷ. ೧೯೫೦ರ ದಶಕದ ಕೊನೆಯಲ್ಲಿ ಅವರ ಪ್ರಯತ್ನದಿಂದ ಉಮ್‌ಫೊಲೋಜಿಯ ದಕ್ಷಿಣಭಾಗವನ್ನು ರಸ್ತೆ, ಕಟ್ಟಡ, ವಾಹನಗಳಿಲ್ಲದ ನಿರ್ಜನ ವನ್ಯಭೂಮಿಯಾಗಿ ಬೇರ್ಪಡಿಸಲಾಯಿತು. ಅಲ್ಲಿಗೆ ಹೋಗುವವರು ಕಾಲ್ನಡಿಗೆಯಲ್ಲಿಯೇ ಹೋಗಬೇಕು, ರಾತ್ರಿ ಬಯಲಿನಲ್ಲಿ ಮಲಗಬೇಕು, ಬೆಂಕಿಯ ಬಳಿ ಸರದಿಯಂತೆ ಎಚ್ಚರವಿರಬೇಕು. ೧೯೫೭ರಲ್ಲಿ ಅವರು ಸ್ಥಾಪಿಸಿದ ವನ್ಯಭೂಮಿ ನಾಯಕತ್ವ ಶಾಲೆಯು ಇಂಥ ನಡಿಗೆಗಳಿಗೆ ತರುಣರನ್ನು ಕರೆದೊಯ್ಯಿತು. ವರ್ಣಭೇದದ ಕಾಲದಲ್ಲಿಯೂ ಬೇರೆಬೇರೆ ವರ್ಣದವರು ಒಂದೇ ಬೆಂಕಿಯ ಸುತ್ತ ಕೂರುವಂತಾಯಿತು. ಮುಂದೆ ನಡೆಯುತ್ತಿದ್ದವನು ಅನೇಕ ವೇಳೆ ಎನ್ಟೊಂಬೇಲನೇ.

೧೯೭೪ರಲ್ಲಿ ಪ್ಲೇಯರರು ಅಧಿಕಾರದಿಂದ ಅವಧಿಗೆ ಮುನ್ನವೇ ನಿವೃತ್ತರಾಗಿ ತಮ್ಮ ಕಾಲವನ್ನೆಲ್ಲ ಈ ಕಾರ್ಯಕ್ಕೇ ಮೀಸಲಿಟ್ಟರು. ೧೯೭೭ರಲ್ಲಿ ಜೊಹಾನ್ಸ್‌ಬರ್ಗಿನಲ್ಲಿ ಮೊದಲ ವಿಶ್ವ ವನ್ಯಭೂಮಿ ಸಮ್ಮೇಳನ ಸೇರಿತು. ಸೇಂಟ್ ಲೂಸಿಯ ಸರೋವರದ ತೀರದ ಮರಳುದಿಬ್ಬಗಳಲ್ಲಿ ಗಣಿ ತೋಡುವ ಯೋಜನೆಗೆ ಎದುರು ನಿಂತವರಲ್ಲಿ ಅವರೂ ಒಬ್ಬರು. ಆ ಯೋಜನೆಯನ್ನು ೧೯೯೬ರಲ್ಲಿ ಸರ್ಕಾರ ತಿರಸ್ಕರಿಸಿತು. ೧೯೯೯ರಲ್ಲಿ ಆ ಪ್ರದೇಶ ವಿಶ್ವಪರಂಪರೆಯ ತಾಣವಾಯಿತು.

ಸಂಖ್ಯೆಯ ಭ್ರಮೆ

ಈಗ ನಮ್ಮ ಮೊದಲ ಪ್ರಶ್ನೆಗೆ ಹಿಂದಿರುಗಬಹುದು. ಉತ್ತರದ ಉಪಜಾತಿಗೆ ಸಂಖ್ಯೆಯಿತ್ತು, ಅಭಯಾರಣ್ಯಗಳೂ ಇದ್ದವು. ಆದರೆ ಅದು ಬಾಳಿದ್ದ ದೇಶಗಳಲ್ಲಿ ಒಂದರ ಹಿಂದೆ ಒಂದರಂತೆ ಅಂತರ್ಯುದ್ಧಗಳು ನಡೆದವು. ಕಾವಲುಗಾರರಿಗಿಂತ ಬೇಟೆಗಾರರ ಕೈಯಲ್ಲಿ ಉತ್ತಮ ಬಂದೂಕುಗಳಿದ್ದವು. ೧೯೮೪ರ ವೇಳೆಗೆ ಕಾಡಿನಲ್ಲಿ ಉಳಿದವು ಕಾಂಗೊದ ಗಾರಂಬ ಉದ್ಯಾನದ ೧೫ ಮಾತ್ರ. ಅಲ್ಲಿನವರ ಕಠಿನ ಪರಿಶ್ರಮದಿಂದ ಅವು ಮುಂದಿನ ವರ್ಷಗಳಲ್ಲಿ ಇಮ್ಮಡಿಯಾದವು. ಹೊಸ ಯುದ್ಧ ಬಂದಾಗ ಅವೂ ಹೋದವು. ಬೇರೆಡೆಯಲ್ಲಿ ನೆಲೆಗೊಂಡ ಎರಡನೆಯ ಕಾಡುಹಿಂಡು ಅವಕ್ಕಿರಲಿಲ್ಲ. ದಕ್ಷಿಣದ ಉಪಜಾತಿಯನ್ನು ಉಳಿಸಿದುದು ಸಂಖ್ಯೆಯಲ್ಲ. ಒಂದು ಕಡೆ ತಪ್ಪದೆ ನಡೆದ ಕಾವಲು, ಕ್ರಮವಾದ ಗಣತಿ, ಸಕಾಲದಲ್ಲಿ ಹಲವು ಕಡೆಗೆ ಹಂಚಿಕೆ, ಇವು ಮೂರೂ ಸೇರಿ ಉಳಿಸಿದವು.

ಈ ಮೂರರಲ್ಲಿ ಒಂದು ಸಡಿಲವಾದರೂ ಏನಾಗುವುದೆಂಬುದನ್ನು ಪ್ಲೇಯರರು ತಮ್ಮ ಕಣ್ಣಿಂದಲೇ ಕಾಣಬೇಕಾಯಿತು. ೨೦೦೭ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಕಳ್ಳಬೇಟೆಗೆ ಬಲಿಯಾದ ಖಡ್ಗಮೃಗಗಳು ೧೩. ವಿಯೆಟ್ನಾಮ್ ಮೊದಲಾದ ದೇಶಗಳಲ್ಲಿ ಕೊಂಬಿನ ಪುಡಿ ರೋಗಹರವೆಂಬ ನಂಬಿಕೆಯೂ, ಸಿರಿವಂತಿಕೆಯ ಕುರುಹೆಂಬ ಆಸೆಯೂ ಹಬ್ಬಿ ಬೆಲೆ ಏರಿತು. ೨೦೧೦ರಲ್ಲಿ ೩೩೩, ೨೦೧೨ರಲ್ಲಿ ೬೬೮, ೨೦೧೪ರಲ್ಲಿ ೧೨೧೫. ಈ ಕೊನೆಯ ಸಂಖ್ಯೆ ಆ ದೇಶದ ಅತ್ಯಧಿಕ ವಾರ್ಷಿಕ ಹತ್ಯೆ. ಆ ವರ್ಷದ ನವೆಂಬರ್ ೩೦ರಂದು ಪ್ಲೇಯರರು ತೀರಿಕೊಂಡರು. ಕ್ರೂಗರಿನಲ್ಲಿ ೧೦,೦೦೦ವನ್ನು ಮೀರಿದ್ದ ಬಿಳಿ ಖಡ್ಗಮೃಗಗಳು ೨೦೨೦ರ ವೇಳೆಗೆ ೩೦೦೦ಕ್ಕಿಂತ ಕೆಳಗಿಳಿದವು. ೨೦೨೩ರಲ್ಲಿ ದೇಶದಲ್ಲಿ ಹತವಾದ ೪೯೯ರಲ್ಲಿ ೩೦೭ ಸತ್ತುದು ಇಂದು ಹ್ಲುಹ್ಲುವೆಯೊಡನೆ ಒಂದುಗೂಡಿರುವ ಉಮ್‌ಫೊಲೋಜಿ ಉದ್ಯಾನದಲ್ಲಿಯೇ. ತವರಿನಲ್ಲಿಯೇ ಇಂಥ ಹತ್ಯೆ ನಡೆದಾಗ ಅಲ್ಲಿನ ಅಧಿಕಾರಿಗಳು ೨೦೨೪ರಲ್ಲಿ ಜೀವಂತ ಪ್ರಾಣಿಗಳ ಕೊಂಬನ್ನು ತಾವೇ ಕತ್ತರಿಸಿ ತೆಗೆಯುವ ಕ್ರಮವನ್ನು ಕೈಗೊಂಡರು. ಆ ವರ್ಷ ಅಲ್ಲಿನ ಹತ್ಯೆ ೧೯೮ಕ್ಕೆ ಇಳಿಯಿತು. ಪ್ರಾಣಿಯ ಹೆಸರಿಗೆ ಕಾರಣವಾದ ಅಂಗವನ್ನೇ ತೆಗೆದು ಪ್ರಾಣವನ್ನುಳಿಸುವ ಈ ಉಪಾಯ ಸಂತೋಷ ತರುವಂಥದಲ್ಲ, ಆದರೆ ಅನಿವಾರ್ಯವಾಯಿತು.

ನಮ್ಮ ದೇಶದ ದೃಷ್ಟಿಯಿಂದ

ಈ ಪಾಠ ದೂರದ ನಾಡಿನದೆಂದು ನಾವು ಸುಮ್ಮನಿರುವಂತಿಲ್ಲ. ಖಡ್ಗಮೃಗದ ಕುಲವು ಒಮ್ಮೆ ಕನ್ನಡ ನಾಡಿನಲ್ಲಿಯೂ ಇದ್ದಿತು: ಬೆಳಗಾವಿ ಜಿಲ್ಲೆಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರಿಗೆ ದೊರೆತ ಪಳೆಯುಳಿಕೆಗಳನ್ನು ೧೮೭೪ರಲ್ಲಿ ದಖನ್ನಿನ ಹೆಸರಿನಿಂದಲೇ ವರ್ಣಿಸಲಾಯಿತು. ಈಗ ಭಾರತದಲ್ಲಿ ಒಂಟಿಕೊಂಬಿನ ಜಾತಿ ಉಳಿದಿರುವುದು ಮುಖ್ಯವಾಗಿ ಅಸ್ಸಾಮಿನಲ್ಲಿ. ೧೯೬೬ರ ಗಣತಿಯಲ್ಲಿ ಕಾಜಿರಂಗದಲ್ಲಿ ೩೬೬ ಇದ್ದವು, ೨೦೨೨ರಲ್ಲಿ ೨೬೧೩. ಈ ವೃದ್ಧಿ ಉಮ್‌ಫೊಲೋಜಿಯದಕ್ಕೆ ಸರಿದೊರೆಯಾದುದು. ಆದರೆ ಅಲ್ಲಿದ್ದ ಅಪಾಯ ಇಲ್ಲಿಯೂ ಇದೆ. ಲೋಕದಲ್ಲಿ ಸುಮಾರು ೪೦೦೦ ಇರುವ ಈ ಜಾತಿಯ ಅರ್ಧಕ್ಕೂ ಮಿಕ್ಕ ಭಾಗ, ಬ್ರಹ್ಮಪುತ್ರದ ಪ್ರವಾಹ ವರ್ಷವರ್ಷವೂ ಮುಳುಗಿಸುವ ಒಂದೇ ಬಯಲಿನಲ್ಲಿದೆ. ಅದೇ ಅಸ್ಸಾಮಿನ ಮಾನಸ ಅಭಯಾರಣ್ಯದಲ್ಲಿದ್ದ ಖಡ್ಗಮೃಗಗಳು ಕಳೆದ ಶತಮಾನದ ಕೊನೆಯ ಗಲಭೆಗಳಲ್ಲಿ ಪೂರ್ಣ ನಾಶವಾದುವೆಂಬುದನ್ನು ನೆನೆದರೆ ಈ ಮಾತಿನ ತೂಕ ತಿಳಿಯುತ್ತದೆ. ೧೯೮೪ರಲ್ಲಿ ದುಧ್ವಾಕ್ಕೆ, ೨೦೦೮ರಿಂದ ಮಾನಸಕ್ಕೆ ಪ್ರಾಣಿಗಳನ್ನು ಸಾಗಿಸಿದ ಯೋಜನೆಗಳು ಸರಿಯಾದ ದಾರಿಯವು.

ಮುಕ್ತಾಯ

ಪ್ಲೇಯರರ ಕಾರ್ಯ ಸಫಲವೋ ವಿಫಲವೋ ಎಂದು ಒಂದೇ ಮಾತಿನಲ್ಲಿ ತೀರ್ಪು ಹೇಳುವುದು ಸಾಧ್ಯವಿಲ್ಲ, ಯುಕ್ತವೂ ಅಲ್ಲ. ಒಂದು ಪ್ರಾಣಿಯನ್ನು ಉಳಿಸುವುದು ಒಂದು ಬಾರಿ ಮಾಡಿ ಮುಗಿಸುವ ಕೆಲಸವಲ್ಲವೆಂಬುದೇ ಆ ಜೀವನವು ನಮಗೆ ತಿಳಿಸುವ ತಥ್ಯ. ಕಾವಲು ಪ್ರತಿರಾತ್ರಿಯ ಕೆಲಸ. ಗಣತಿ ಪ್ರತಿವ‍ರ್ಷದ ಕೆಲಸ. ಹೊಸ ನೆಲವನ್ನು ಒದಗಿಸುವುದು ಪ್ರತಿಯೊಂದು ತಲೆಮಾರಿನ ಕೆಲಸ. ಸುತ್ತಲಿನ ಜನ ಅದನ್ನು ತಮ್ಮದೆಂದು ಕಾಣುವಂತೆ ಮಾಡುವುದು ಇವೆಲ್ಲಕ್ಕಿಂತ ನಿಧಾನವಾದ ಕೆಲಸ.

೨೦೨೩ರ ಜೂನ್ ತಿಂಗಳಿನಲ್ಲಿ ಝುಲುಲ್ಯಾಂಡಿನ ಒಂದು ರಕ್ಷಿತ ಪ್ರದೇಶದಿಂದ ಹದಿನಾರು ಬಿಳಿ ಖಡ್ಗಮೃಗಗಳನ್ನು ಉತ್ತರದ ಉಪಜಾತಿಯು ಅಳಿದುಹೋದ ಅದೇ ಗಾರಂಬಕ್ಕೆ ಒಯ್ಯಲಾಯಿತು. ಅವುಗಳ ಪೂರ್ವಜರು ಉಮ್‌ಫೊಲೋಜಿಯ ಎರಡು ನದಿಗಳ ನಡುವೆ ಉಳಿದವು. ಅವುಗಳನ್ನು ಮಲಗಿಸಿದ ಔಷಧ, ಸಾಗಿಸಿದ ವಿಧಾನ, ಹೊಸ ನೆಲಕ್ಕೆ ಒಗ್ಗಿಸಿದ ಕ್ರಮ, ಎಲ್ಲದರ ಮೂಲವೂ ೧೯೬೦ರ ದಶಕದ ಆ ಕಾಡಿನಲ್ಲಿದೆ. ಹೋದ ಉಪಜಾತಿ ಇದರಿಂದ ಮರಳಿ ಬರಲಾರದು. ಆದರೆ ಆ ಹುಲ್ಲುಗಾವಲಿನಲ್ಲಿ ಮತ್ತೆ ಖಡ್ಗಮೃಗದ ಹೆಜ್ಜೆ ಮೂಡಿದೆ. ಅದು ಅಳಿಸಿಹೋಗದಂತೆ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಯನ್ನು ಪ್ಲೇಯರರೂ ಎನ್ಟೊಂಬೇಲನೂ ಮುಂದಿನವರಿಗೆ ಬಿಟ್ಟುಹೋಗಿದ್ದಾರೆ.